ದೊಡ್ಡದಾಗುತ್ತ ಹೋದ ಅಕ್ಷರ

ಬೇಸಿಗೆಯಲ್ಲಿ ಅವರ ಕುತ್ತಿಗೆಯ ಮಡಿಕೆಗಳಲ್ಲಿ ಪೌಡರು ಜೋಳದ ಹಿಟ್ಟಿನ ಹಾಗೆ ಉಂಡೆಗಟ್ಟುತ್ತಿತ್ತು. ದೀಪಕ್ಕೆ ಮುಖ ಹೊಳೆಯಬಾರದು ಎಂದು ಹಚ್ಚುವ ಪೌಡರು ಅದು. ಫ್ಯಾನು ಹಾಕುವಂತಿಲ್ಲ, ಹಾಕಿದರೆ ಅದರ ಸದ್ದೂ ಟಿ.ವಿ.ಯಲ್ಲಿ ಬರುತ್ತದೆ. ಬೀದರದ ಬಿಸಿಲು, ಮೇಲೆ ಆ ದೀಪಗಳ ಕಾವು, ಬೆವರು ಇಳಿದು ಎಲ್ಲ ಕಲಸಿಹೋಗುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಕೆಲಸ. ಒರೆಸುವಾಗ ಅವರು ಕತ್ತು ಮುಂದೆ ಚಾಚಿ, ಕಣ್ಣು ಮುಚ್ಚಿ, ಹಾಲು ಕೊಡುವ ಎಮ್ಮೆಯ ಹಾಗೆ ಸುಮ್ಮನೆ ನಿಲ್ಲುತ್ತಿದ್ದರು. ಒರೆಸಿ ಮುಗಿದ ಮೇಲೆ ಒಂದು ಲವಂಗ ಬಾಯಿಗೆ ಹಾಕಿಕೊಂಡು ಖುರ್ಚಿಗೆ ಹೋಗುತ್ತಿದ್ದರು.

ಎಲ್ಲರಿಗೂ ಅವರು ಮಾಸ್ತರು. ಮೊದಲು ಮಿಷನ್ ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ನಾನು ನೋಡಿದ್ದು ಪಶುವೈದ್ಯ ವಿಶ್ವವಿದ್ಯಾಲಯದ ಟಿ.ವಿ.ಯಲ್ಲಿ ಸುದ್ದಿ ಓದುವ ಮಾಸ್ತರರನ್ನು. ವಿಶ್ವವಿದ್ಯಾಲಯಕ್ಕೇ ಒಂದು ಟಿ.ವಿ. ಇತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಇತ್ತು. ಯಾರೋ ಒಬ್ಬ ದೊಡ್ಡ ಸಾಹೇಬರು ಮನಸ್ಸು ಮಾಡಿದರು, ರೈತರ ಮನೆಯೊಳಗೆ ನಾವೇ ಹೋಗಬೇಕು ಎಂದರು. ದನಗಳ ಹಿಂಡಿ ಇಡುವ ಗೋದಾಮು ಖಾಲಿ ಮಾಡಿಸಿ ಅದನ್ನೇ ಸ್ಟುಡಿಯೋ ಮಾಡಿದರು. ಹೊರಗಿನ ಸದ್ದು ಒಳಗೆ ಬರಬಾರದಲ್ಲ, ಅದಕ್ಕೆ ಕೋಳಿ ಫಾರ್ಮಿನಿಂದ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ತಂದು ನಾಲ್ಕೂ ಗೋಡೆಗೆ ಅಂಟಿಸಿದರು. ಆ ಗುಳಿಗಳ ತುಂಬ ಹಲ್ಲಿ ಸಂಸಾರ ಮಾಡಿಕೊಂಡಿದ್ದವು. ಹಿಂಡಿಯ ವಾಸನೆ ಕೊನೆಯವರೆಗೂ ಹೋಗಲಿಲ್ಲ.

ನಾನು ಜನವಾಡದವಳು, ಚಿದ್ರಿಗೆ ಸೊಸೆಯಾಗಿ ಬಂದವಳು. ಗಂಡ ಕೊಳಾರದ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ, ಬೇಗ ಹೋದ. ಸ್ಟುಡಿಯೋದ ಕಸ ಹೊಡೆಯಲು ನನ್ನನ್ನು ಇಟ್ಟುಕೊಂಡರು. ಶಾಲೆಯ ಮುಖ ನೋಡಿದವಳಲ್ಲ. ಆದರೂ ಸುದ್ದಿಯ ಹಾಳೆ ಹಿಡಿಯುವ ಕೆಲಸ ನನಗೇ ಬಂತು, ಯಾಕೆಂದರೆ ಕೈ ನಡುಗದೆ ಅಷ್ಟು ಹೊತ್ತು ಎತ್ತಿ ಹಿಡಿಯುವವರು ಬೇರೆ ಯಾರೂ ಅಲ್ಲಿರಲಿಲ್ಲ.

ಕೆಲಸ ಹೀಗೆ. ಮಾಸ್ತರು ಮಧ್ಯಾಹ್ನ ಕೂತು ಅವತ್ತಿನ ಸುದ್ದಿಯನ್ನು ತೆಳು ಬಿಳಿ ಹಾಳೆಗಳ ಮೇಲೆ ದಪ್ಪ ಪೆನ್ನಿನಿಂದ ತಾವೇ ಬರೆಯುತ್ತಿದ್ದರು. ಬೇರೆಯವರ ಕೈಬರಹ ಅವರಿಗೆ ಆಗುತ್ತಿರಲಿಲ್ಲ. ನಾನು ಕ್ಯಾಮೆರಾದ ಪಕ್ಕದಲ್ಲಿ ನಿಂತು ಒಂದೊಂದೇ ಹಾಳೆ ಎತ್ತಿ ಹಿಡಿಯುವುದು, ಅವರು ಹುಬ್ಬು ಎತ್ತಿದರೆ ಅದನ್ನು ಬಿಟ್ಟು ಮುಂದಿನದು ತೋರಿಸುವುದು. ನೋಡುವವರಿಗೆ ಮಾಸ್ತರು ತಮ್ಮನ್ನೇ ನೋಡಿ ಮಾತಾಡಿದ ಹಾಗೆ ಕಾಣುತ್ತಿತ್ತು. ಕೆಮ್ಮಿದರೆ ಬೈಗುಳ, ಬಳೆ ಸದ್ದಾದರೆ ಬೈಗುಳ. ತಮ್ಮ ದನಿಯ ಮೇಲೆ ಅವರಿಗೆ ಬಲು ಜಂಬ ಇತ್ತು. ಎಷ್ಟೋ ದಿನ ನನ್ನ ಹೆಸರೂ ಕೇಳಿರಲಿಲ್ಲ, ‘ಹಾಳಿಯವಳೇ’ ಎಂದೇ ಕರೆಯುತ್ತಿದ್ದರು.

ನಮ್ಮ ಟಿ.ವಿ. ಗಾಳಿಯಲ್ಲಿ ಹೋಗುತ್ತಿರಲಿಲ್ಲ, ಬಸ್ಸಿನಲ್ಲಿ ಹೋಗುತ್ತಿತ್ತು. ಬೀದರ ನಗರದಲ್ಲಿ ಕೇಬಲ್ಲಿನವರು ಅದೇ ಸಂಜೆ ತೋರಿಸುತ್ತಿದ್ದರು. ಭಾಲ್ಕಿಗೂ ಔರಾದಿಗೂ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು, ಅಲ್ಲಿಯ ಕೇಬಲ್ಲಿನವರು ಬಸ್ ನಿಲ್ದಾಣಕ್ಕೆ ಬಂದು ಇಸಿದುಕೊಳ್ಳಬೇಕು. ಹೀಗಾಗಿ ಬೀದರದ ಇವತ್ತು ಔರಾದಿಗೆ ಮುಟ್ಟುವುದು ಮರುದಿನ ಸಂಜೆ.

ಶುರುವಿನಲ್ಲಿ ಇದು ಯಾರ ತಲೆಗೂ ಹೊಳೆಯಲಿಲ್ಲ. ಮಾಸ್ತರು ಒಮ್ಮೆ ಬಹಳ ಠೀವಿಯಿಂದ, ನಾಳೆ ಔರಾದಿನ ಶಾಲೆಯ ಮೈದಾನದಲ್ಲಿ ದನಗಳಿಗೆ ಲಸಿಕೆ ಹಾಕಲಾಗುವುದು, ಎಲ್ಲರೂ ಬನ್ನಿ ಎಂದು ಓದಿದರು. ಔರಾದಿನವರು ಅದನ್ನು ನೋಡುವ ಹೊತ್ತಿಗೆ ಡಾಕ್ಟರುಗಳು ಖಾಲಿ ಮೈದಾನದಲ್ಲಿ ಕೂತು ಎದ್ದು ಬೀದರಕ್ಕೆ ವಾಪಸ್ಸು ಬಂದಿದ್ದರು. ಮರುದಿನ ಊರಿನ ಎಮ್ಮೆಯೆಲ್ಲ ಮೈದಾನದಲ್ಲಿ, ಸೂಜಿ ಹಾಕುವವರು ಯಾರೂ ಇಲ್ಲ. ಒಬ್ಬ ಮುದುಕ ಬಸ್ಸು ಹತ್ತಿ ಸೀದಾ ಸ್ಟುಡಿಯೋಕ್ಕೇ ಬಂದ. ಎಮ್ಮೆಯ ಹಗ್ಗ ಹೆಗಲ ಮೇಲೇ ಇತ್ತು.

“ಮಾಸ್ತರ, ನಿಮ್ಮ ನಾಳಿ ಯಾವಾಗ ಬರ್ತದರಿ? ನಮ್ಮ ಎಮ್ಮಿ ಅಲ್ಲೇ ನಿಂತು ಈಯೂ ವ್ಯಾಳ್ಯಾ ಆಯ್ತು!”

“ತಪ್ಪು ನಂದೇ ಅದ ಕಾಕಾ. ಮೊದಲ ಚಾ ಕುಡೀರಿ, ಆಮ್ಯಾಲ ಬೈರಿ.”

“ಬೈಯೂದು ಮುಗೀಲಿ ತಡೀರಿ. ಚಾ ಎಲ್ಲಿ ಓಡಿ ಹೋಗ್ತದ?”

ಬೈದು ಮುಗಿಸಿ ಚಹಾ ಕುಡಿದು ಹೋದ. ಮಾಸ್ತರು ಡಾಕ್ಟರುಗಳ ಹಿಂದೆ ಬಿದ್ದು ಅವರನ್ನು ಮತ್ತೊಮ್ಮೆ ಔರಾದಿಗೆ ಹೊರಡಿಸಿದರು. ತಾವೂ ಹೋಗಿ ದಿನವಿಡೀ ಹಗ್ಗ ಹಿಡಿದು ನಿಂತರು. ಒಂದು ಎಮ್ಮೆ ಕಾಲು ತುಳಿದು ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅಲ್ಲಿಂದ ಮುಂದೆ ಇವತ್ತು, ನಾಳೆ, ನಿನ್ನೆ ಎನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಸೋಮವಾರ, ಮಂಗಳವಾರ ಎಂದೇ ಹೇಳುವುದು. ಮನೆಯಲ್ಲಿಯೂ ಅದೇ ರೂಢಿ. ಅವರ ಹೆಂಡತಿ ಮಿಷನ್ ದವಾಖಾನೆಯಲ್ಲಿ ನರ್ಸು, ಚಿದ್ರಿಯವರೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದೆವು. ಅವರು ನಕ್ಕು ಹೇಳುತ್ತಿದ್ದರು: “ಊಟಕ್ಕ ಯಾವಾಗ ಬರ್ತೀರಿ ಅಂದ್ರ ಬುಧವಾರ ಅಂತಾರವ್ವಾ. ನೋಡಿದ್ರ ಅವತ್ತೇ ಬುಧವಾರ ಇರ್ತದ.”

ಒಂದು ದಿನ ಯಾರೋ ಬಾಗಿಲು ತೆರೆದರು, ಗಾಳಿ ನುಗ್ಗಿ ಹಾಳೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಯಾವುದು ಮೊದಲು, ಯಾವುದು ಆಮೇಲೆ, ನನಗೆ ಹೇಗೆ ಗೊತ್ತಾಗಬೇಕು? ಮಾಸ್ತರು ಕೂಗಾಡಿದರು. ನಾನೂ ಬಿಡಲಿಲ್ಲ.

“ಇದರಾಗ ಏನ್ ಬರ್ದದ ನನಗ ಹ್ಯಾಂಗ ತಿಳೀಬೇಕ್ರಿ? ನೀವು ಬರ್ದೀರಿ, ನೀವೇ ಆರಿಸಿ ಕೊಡ್ರಿ.”

ಅವರು ನೆಲದ ಮೇಲೆ ಕೂತು ಹಾಳೆಗಳನ್ನು ಜೋಡಿಸಿದರು. ಕೊಡುವಾಗ, “ನಾ ದಿನಾ ಇದನ್ನೇ ಓದ್ತೇನಲ್ಲ ತಂಗಿ, ನೀ ನನ್ನ ಬಾಯಿ ನೋಡಬ್ಯಾಡ, ಹಾಳಿ ನೋಡು” ಎಂದರು. ತಂಗಿ ಎಂದದ್ದು ಅವತ್ತೇ ಮೊದಲು.

ಹಾಳೆಯ ಮುಖ ಅವರ ಕಡೆಗೆ, ಬೆನ್ನು ನನ್ನ ಕಡೆಗೆ. ತೆಳು ಹಾಳೆ, ದಪ್ಪ ಮಸಿ, ಅಕ್ಷರ ಹಿಂದಕ್ಕೆ ಇಳಿದು ನನಗೆ ಉಲ್ಟಾ ಕಾಣುತ್ತಿತ್ತು. ಅವರು ‘ಮಳೆ’ ಎನ್ನುವಾಗ ನಾನು ಉಲ್ಟಾ ‘ಮಳೆ’ ನೋಡುತ್ತಿದ್ದೆ. ನಾನು ಮೊದಲು ಗುರುತು ಹಿಡಿದ ಅಕ್ಷರಗಳು ಬೆನ್ನು ತಿರುಗಿಸಿ ನಿಂತ ಅಕ್ಷರಗಳು. ಆಮೇಲೆ ಹಾಳೆ ಕೂಡಿಸುವಾಗ ಮುಖ ನೋಡಿ, ಓಹೋ ನೀನು ಹೀಗಿದ್ದೀಯಾ ಎಂದುಕೊಳ್ಳುತ್ತಿದ್ದೆ. ಹಾಗೆ ಕಲಿತದ್ದೂ ಬಹಳ ಇಲ್ಲ. ಅಕ್ಷರ ಸಣ್ಣವು, ಸಾಲು ಒತ್ತೊತ್ತು, ನನ್ನ ತಲೆಯೂ ಮೊಂಡ.

ಆಮೇಲೆ ಅಕ್ಷರ ದೊಡ್ಡವಾಗತೊಡಗಿದವು.

ಮೊದಲು ನಾನು ನನಗಾಗಿಯೇ ದೊಡ್ಡದು ಬರೆಯುತ್ತಿದ್ದಾರೆ ಎಂದುಕೊಂಡೆ. ಹಾಳೆ ಜಾಸ್ತಿಯಾದವು, ಒಂದೊಂದು ಹಾಳೆಯಲ್ಲಿ ಮಾತು ಕಡಿಮೆಯಾದವು. ಬರಬರುತ್ತ ಒಂದು ಹಾಳೆಗೆ ಒಂದೇ ಸಾಲು, ಬೆರಳು ಗಾತ್ರದ ಅಕ್ಷರ. ನನಗೆ ಸುಲಭವಾಯಿತು. ಉಲ್ಟಾ ಆದರೂ ಸರಿ, ಸೀದಾ ಆದರೂ ಸರಿ, ಓದಲು ಬಂತು. ಆ ಖುಷಿಯಲ್ಲಿ ನಾನು ಬೇರೇನೂ ನೋಡಲಿಲ್ಲ. ಅವರು ಚಹಾದ ಲೋಟ ಮೇಜಿನ ಹೊರಗೆ ಇಟ್ಟು ನೆಲಕ್ಕೆ ಬಿದ್ದಾಗ, ಮೊಣಕಾಲು ನೋವು ಎಂದು ನನ್ನ ಹೆಗಲು ಹಿಡಿದು ಮೆಟ್ಟಿಲು ಇಳಿದಾಗ, ಎದುರಿಗೆ ನಿಂತ ಕ್ಯಾಮೆರಾದವನನ್ನು ಯಾರದು ಎಂದು ಕೇಳಿದಾಗ ತಿಳಿಯಿತು. ಆ ಕ್ಯಾಮೆರಾದವನು, ಭಾಲ್ಕಿಯ ಹುಡುಗ, ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. 

ಮಾಸ್ತರರನ್ನೇ ಕೇಳಿದೆ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

“ಕಣ್ಣು ಹೋಗ್ಯಾವೇನ್ರಿ?”

“ಹೋಗಿಲ್ಲ. ಹೊಂಟಾವ.” ಲವಂಗ ಅಗಿದರು. “ನರ ಒಣಗಲತ್ಯಾವಂತ. ಹೈದರಾಬಾದಿನ ಡಾಕ್ಟರು ಕೈ ಬಿಟ್ಟಾರ. ಮನ್ಯಾಗ ಹೇಳಿಲ್ಲ.”

“ಸಾಹೇಬರಿಗೆ ಹೇಳ್ರಿ. ಬ್ಯಾರೆ ಕೆಲ್ಸ ಕೊಡ್ತಾರ.”

“ಬ್ಯಾರೆ ಕೆಲ್ಸ ಏನು ಮಾಡ್ಲಿ ತಂಗಿ? ಈ ಖುರ್ಚಿ ಬಿಟ್ಟು ಎದ್ರ ನಾ ಬರೀ ಕುರುಡ. ಇದರ ಮ್ಯಾಲ ಕೂತಾಗ ಮಾಸ್ತರ. ಇನ್ನೊಂದಿಷ್ಟು ದಿನ ಕೂಡ್ತೇನಿ, ಬಿಡು.”

ಸಿಸ್ಟರಮ್ಮನವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಒಂದು ದಿನ ನೀರಿನ ನಲ್ಲಿಯ ಹತ್ತಿರ ಸಿಕ್ಕಾಗ ಕೊಡ ತಿಕ್ಕುತ್ತಲೇ ಹೇಳಿದರು: “ನನಗ ತಿಳಿದಿಲ್ಲಂತ ಅವರು ತಿಳ್ಕೊಂಡಾರವ್ವಾ. ನಾ ಅವರ ತಾಟಿನಾಗ ಪಲ್ಯ ಯಾವಾಗಲೂ ಎಡಕ್ಕೇ ಬಡಿಸ್ತೇನಿ. ಇವಳ ಅಡಗಿ ಹೆಂಗದ ಅಂದ್ರ, ಕಣ್ಣು ಮುಚ್ಚಿದ್ರೂ ಸಿಗ್ತದ ಅಂತಾರ.” ಕೊಡ ತುಂಬಿ ಹರಿಯುತ್ತಿತ್ತು, ಅವರು ನಲ್ಲಿ ನಿಲ್ಲಿಸಲಿಲ್ಲ.

ಅಂಗೈಯಷ್ಟು ದೊಡ್ಡ ಅಕ್ಷರವೂ ಕಾಣದ ದಿನ ಬಂತು. ಆಗ ಕೆಲಸದ ರೀತಿ ತಿರುವು ಮುರುವಾಯಿತು. ಸುದ್ದಿಯನ್ನು ಕ್ಯಾಮೆರಾದವನು ಬರೆಯುತ್ತಿದ್ದ. ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಓದುತ್ತಿದ್ದೆ, ಮಾಸ್ತರು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ನಾನು ಎಡವಿದರೆ ತಿದ್ದುತ್ತಿದ್ದರು. “ಅಕ್ಷರ ನುಂಗಬ್ಯಾಡ, ಔರಾದಿನವರಿಗೆ ಏನು ಉಳೀತದ?” ಎನ್ನುತ್ತಿದ್ದರು. ಒಮ್ಮೆ, ಹೆಚ್ಚೆಂದರೆ ಎರಡು ಸಲ ಕೇಳಿದರೆ ಸಾಕು, ಎಲ್ಲ ಬಾಯಿಪಾಠ. ದೀಪ ಹಚ್ಚಿದ ಮೇಲೆ ಕ್ಯಾಮೆರಾ ಎಲ್ಲಿದೆ ಎಂದು ದೀಪದ ಕಾವಿನಿಂದ ತಿಳಿದುಕೊಂಡು ಅತ್ತ ಮುಖ ಮಾಡಿ ಹೇಳುತ್ತಿದ್ದರು. ನಾನು ಮುಂಚಿನ ಹಾಗೆಯೇ ಪಕ್ಕದಲ್ಲಿ ನಿಂತು ಹಾಳೆ ಎತ್ತಿ ಹಿಡಿಯುತ್ತಿದ್ದೆ, ಅವರು ಹುಬ್ಬು ಎತ್ತಿದರೆ ಬದಲಿಸುತ್ತಿದ್ದೆ. ಹಾಳೆಗಳು ಖಾಲಿ. ಯಾರಾದರೂ ಬಾಗಿಲಲ್ಲಿ ಇಣುಕಿದರೆ ಅನುಮಾನ ಬರಬಾರದಲ್ಲ. ಬರೆದ ಹಾಳೆಗಿಂತ ಖಾಲಿ ಹಾಳೆ ಹಿಡಿದು ನಿಂತಾಗ ಕೈ ಜಾಸ್ತಿ ನೋಯುತ್ತಿತ್ತು. ಯಾಕೋ ಗೊತ್ತಿಲ್ಲ.

ಹೀಗೆಯೇ ನಡೆಯುತ್ತಿತ್ತು. ನೋಡುವವರಿಗೆ ಏನೂ ಗೊತ್ತಾಗಲಿಲ್ಲ, ಮಾಸ್ತರ ದನಿ ಮಾತ್ರ ಈಚೆಗೆ ಮೆತ್ತಗಾಗಿದೆ ಎನ್ನುತ್ತಿದ್ದರು.

ಆ ಹೊತ್ತಿಗೆ ಮೊದಲಿನ ಸಾಹೇಬರು ಹೋಗಿ ಮೈಸೂರ ಕಡೆಯ ಒಬ್ಬರು ಬಂದಿದ್ದರು. ಕೆಟ್ಟವರಲ್ಲ. ಒಂದು ಸಂಜೆ ಸುದ್ದಿ ಮುಗಿದು ದೀಪ ಆರಿಸುವುದರೊಳಗೆ ಅವರೇ ಓಡಿ ಬಂದರು. ಕೈಯಲ್ಲಿ ಒಂದು ಚೀಟಿ. ಔರಾದಿನ ಕಡೆಯ ಹಳ್ಳಿಗಳಲ್ಲಿ ಕುರಿಗಳು ನಿಂತಲ್ಲಿಯೇ ಬಿದ್ದು ಸಾಯುತ್ತಿದ್ದವು, ಮೂಗಿನಿಂದ ಕರಿ ರಕ್ತ. ಸತ್ತ ಕುರಿ ಕೊಯ್ದು ತಿಂದರೆ ಮನುಷ್ಯರಿಗೂ ಬರುವ ರೋಗ ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ಔರಾದಿಗೆ ಹೋಗುವ ಕೊನೆಯ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಕಂಡಕ್ಟರನಿಗೆ ಸಾಹೇಬರು ಫೋನಿನಲ್ಲಿ ಸ್ವಲ್ಪ ತಡೆಯಲು ಹೇಳಿಸಿದ್ದರು.

“ಮೇಷ್ಟ್ರೇ, ಇದನ್ನ ಈಗ್ಲೇ ಓದ್ಬಿಡಿ. ಈ ಬಸ್ಸಿಗೇ ಕಳಿಸ್ಬೇಕು, ಬೆಳಗಿನ ತನಕ ಕಾಯಕ್ಕಾಗಲ್ಲ” ಎಂದು ಚೀಟಿ ಅವರ ಕೈಗೆ ಕೊಟ್ಟು, ಕ್ಯಾಮೆರಾದ ಪಕ್ಕದಲ್ಲಿಯೇ ನಿಂತುಬಿಟ್ಟರು.

ಡಾಕ್ಟರ ಕೈಬರಹ, ಇರುವೆ ಸಾಲಿನ ಹಾಗೆ. ಮಾಸ್ತರು ಚೀಟಿಯನ್ನು ಮೇಜಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಸವರಿದರು. ಗಂಟಲು ಕಟ್ಟಿದೆ ಎಂದಿದ್ದರೆ ಸಾಕಿತ್ತು, ಕ್ಯಾಮೆರಾದವನು ಓದುತ್ತಿದ್ದ. ನಾನೂ ಅದನ್ನೇ ಹೇಳುತ್ತಾರೆ ಎಂದುಕೊಂಡೆ. ಆದರೆ ಕ್ಯಾಮೆರಾದವನು ಖುರ್ಚಿಗೆ ಬಂದರೆ ಕ್ಯಾಮೆರಾ ಯಾರು ಹಿಡಿಯುವುದು? ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ? ಇನ್ನು ಯಾರದೋ ಹೊಸ ಮುಖ ಹೇಳಿದರೆ ಕುರಿಯವರು ಕೇಳುತ್ತಾರೆಯೇ? ಇದನ್ನೆಲ್ಲ ಅವರು ಯೋಚಿಸಿರಬೇಕು. ಚೀಟಿ ಎತ್ತಿ ನಾನಿರುವ ಕಡೆಗೆ ಚಾಚಿದರು.

“ತಂಗಿ, ನೀ ಓದು. ನಾ ಹೇಳ್ತೇನಿ.”

“ಸಾಹೇಬರು ಇಲ್ಲೇ ನಿಂತಾರ್ರಿ” ಎಂದೆ, ಮೆಲ್ಲಗೆ.

“ನಿಂದರಲಿ. ಕುರಿ ಸಾಯ್ಲತ್ಯಾವ. ಓದು.”

ಓದಿದೆ. ನಾನು ಒಂದು ತುಣುಕು ಓದುವುದು, ಅವರು ಅದನ್ನೇ ಕ್ಯಾಮೆರಾಗೆ ಹೇಳುವುದು. ನಡುವೆ ‘ಕಳೇಬರ’ ಎನ್ನುವ ಮಾತಿನಲ್ಲಿ ಸಿಕ್ಕಿಕೊಂಡೆ. ಕ ಎಂದೆ, ಕಳೇ ಎಂದೆ, ಮುಂದಕ್ಕೆ ಹೋಗಲಿಲ್ಲ. ಅವರು ಕಾಯದೆ “ಸತ್ತ ಕುರಿ ಸುಲೀಬ್ಯಾಡ್ರಿ, ತಿನಬ್ಯಾಡ್ರಿ, ಆಳ ತಗ್ಗು ತೆಗೆದು ಹೂಳ್ರಿ. ನಿಮ್ಮ ಕೈ ಮುಗೀತೇನಿ” ಎಂದರು. ಕೈ ಮುಗಿಯುವುದು ಚೀಟಿಯಲ್ಲಿ ಇರಲಿಲ್ಲ. ಕ್ಯಾಮೆರಾದವನು ಕ್ಯಾಸೆಟ್ಟು ಕಿತ್ತು ಅಂಗಿಯೊಳಗೆ ಹಾಕಿಕೊಂಡು ಮೋಟಾರ್ ಸೈಕಲ್ ಹತ್ತಿದ.

ಸಾಹೇಬರು ನಿಂತೇ ಇದ್ದರು. ನನ್ನ ಕಾಲ ಹತ್ತಿರ ಬಿದ್ದ ಖಾಲಿ ಹಾಳೆಗಳನ್ನು ನೋಡಿದರು. ಒಂದನ್ನು ಎತ್ತಿ ತಿರುಗಿಸಿಯೂ ನೋಡಿದರು.

“ಮೇಷ್ಟ್ರೇ, ಒಂದ್ಸಲ ನನ್ನ ಕಡೆ ನೋಡಿ.”

ಮಾಸ್ತರು ನೋಡಿದರು. ಸಾಹೇಬರು ಬಲಕ್ಕೆ ಸರಿದಿದ್ದರು, ಇವರು ಕ್ಯಾಮೆರಾದ ಕಾಲುಗಳನ್ನು ನೋಡಿ ನಕ್ಕರು.

ಆ ಕ್ಯಾಸೆಟ್ಟಿನಿಂದ ಎಷ್ಟು ಮಂದಿ ಉಳಿದರೋ ನನಗೆ ಗೊತ್ತಿಲ್ಲ. ಔರಾದಿನಿಂದ ಯಾರೂ ಬಂದು ಹೇಳಲಿಲ್ಲ. ಬೈಯುವುದಿದ್ದರೆ ಬರುತ್ತಾರೆ.

ಸಾಹೇಬರು ಕೆಲಸ ಬಿಡಿಸುವ ಮಾತು ಆಡಲಿಲ್ಲ. ವಿಶ್ರಾಂತಿ ತಗೊಳ್ಳಿ ಎಂದರು. ಅದು ಅದೇ ಮಾತು, ಮೈಸೂರಿನವರು ಹೇಳುವ ರೀತಿ. ಶಾಲು ಹೊದಿಸಿದರು, ಹಾರ ಹಾಕಿದರು. ಮಾಸ್ತರು ಎರಡು ಮಾತು ಆಡಲು ಎದ್ದು ಆಡದೆ ಕೂತರು. ಅಷ್ಟು ವರ್ಷ ಮಾತಾಡಿದವರು.

ಹೊಸದಾಗಿ ಕಾಲೇಜಿನ ಹುಡುಗಿ ಬಂದಳು. ಚೆನ್ನಾಗಿಯೇ ಓದುತ್ತಿದ್ದಳು. ಅಕ್ಷರಗಳೇ ತಾವಾಗಿ ಮೇಲಕ್ಕೆ ಸರಿಯುವ ಒಂದು ಯಂತ್ರ ಬಂತು, ಹಾಳೆ ಬೇಡವಾಯಿತು, ನನ್ನ ಕೈಗೆ ಮತ್ತೆ ಕಸಬರಿಗೆ ಬಂತು. ಆಮೇಲೆ ಮನೆಮನೆಗೆ ಕೊಡೆಯ ಹಾಗಿನ ಡಿಶ್ ತಟ್ಟೆ ಬಂದವು, ಕೈಕೈಗೆ ಫೋನು ಬಂದವು. ಕೇಬಲ್ಲಿನವರು ನಮ್ಮ ಟಿ.ವಿ.ಯನ್ನು ಹಿಂದಕ್ಕೆ ಹಿಂದಕ್ಕೆ ನೂಕಿದರು, ಕೊನೆಗೆ ಹುಡುಕಿದರೂ ಸಿಗಲಿಲ್ಲ. ಸ್ಟುಡಿಯೋಕ್ಕೆ ಬೀಗ ಬಿತ್ತು. ಅದು ಮುಚ್ಚಿದ ಸುದ್ದಿಯನ್ನು ಓದಲು ಯಾರೂ ಇರಲಿಲ್ಲ. ಈಗ ಅಲ್ಲಿ ಮತ್ತೆ ಹಿಂಡಿಯ ಚೀಲ ಇಟ್ಟಿದ್ದಾರೆ.

ಮಾಸ್ತರರ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವರು ಪೂರಾ ಕುರುಡರಾಗಿದ್ದರು. ಸಂಜೆ ಸುದ್ದಿಯ ಹೊತ್ತಿಗೆ ಟಿ.ವಿ. ಮುಂದೆ ಖುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು. ಸ್ಟುಡಿಯೋ ಮುಚ್ಚಿದ್ದನ್ನು ಸಿಸ್ಟರಮ್ಮನವರು ಹೇಳಿರಲಿಲ್ಲ. ಕರೆಂಟು ಇಲ್ಲ, ವಾಯರು ಕೆಟ್ಟಿದೆ ಎಂದು ದಿನ ತಳ್ಳುತ್ತಿದ್ದರು. ನಾನು ಹೋದಾಗ ಮಾಸ್ತರು, ನಮ್ಮ ಟಿ.ವಿ. ಯಾಕೆ ಬರುತ್ತಿಲ್ಲ ಎಂದು ನನ್ನನ್ನು ಕೇಳಿದರು. ಸಿಸ್ಟರಮ್ಮನವರು ಅಡಿಗೆ ಮನೆಯಿಂದ ಬೇಡ ಬೇಡ ಎಂದು ಕೈ ಆಡಿಸಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಮುಚ್ಯಾರ್ರಿ.”

ಅವರು ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು.

“ಯಾವ ವಾರ?”

“ಮಂಗಳವಾರ.”

ತಲೆ ಆಡಿಸಿದರು. ಟಿ.ವಿ. ಮುಂದಿನ ಖುರ್ಚಿಯನ್ನು ಕಿಟಕಿಯ ಹತ್ತಿರ ಹಾಕಲು ಹೇಳಿದರು. ಮತ್ತೆ ಅದರ ಮಾತು ಎತ್ತಲಿಲ್ಲ.

ಆಮೇಲೆ ನಾನು ಮಧ್ಯಾಹ್ನ ಹೋಗಿ ಪೇಪರು ಓದಿ ಹೇಳತೊಡಗಿದೆ. ಭಾನುವಾರ ಅವರ ದೇವರ ಪುಸ್ತಕವನ್ನೂ ಓದುತ್ತಿದ್ದೆ. ನಾವು ಬುದ್ಧನ ಕಡೆಯವರು, ಓದಬಹುದೋ ಇಲ್ಲವೋ ಎಂದು ಕೇಳಿದರೆ, “ಓದುಗರಿಗೆ ಜಾತಿ ಇಲ್ಲ ತಂಗಿ, ಉಚ್ಚಾರ ಅದ” ಎಂದರು. ಒಂದು ಒತ್ತಕ್ಷರ ಬಿಡುವ ಹಾಗಿಲ್ಲ. ಮಲಗಿದ್ದಾರೆ ಎಂದುಕೊಂಡು ಬೇಗ ಬೇಗ ಓದಿದರೆ ಕಣ್ಣು ಮುಚ್ಚಿಯೇ “ಏನಂದಿ? ಮತ್ತ ಓದು” ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಪೇಪರು ಮಡಚಿ ಎದ್ದು ಬಂದದ್ದೂ ಇದೆ. ಮರುದಿನ ಮತ್ತೆ ಹೋಗುತ್ತಿದ್ದೆ.

ಋಣದ ಮಾತು ಸುಮ್ಮನೆ ಆಡಬಾರದು. ಇದ್ದದ್ದು ಹೇಳುತ್ತೇನೆ. ಅವರ ಕಣ್ಣು ಚೆನ್ನಾಗಿದ್ದಿದ್ದರೆ ಅಕ್ಷರ ಸಣ್ಣವಾಗಿಯೇ ಇರುತ್ತಿದ್ದವು, ನನಗೆ ಓದಲು ಬರುತ್ತಿರಲಿಲ್ಲ. ಅವರಿಗೆ ಕಾಣದೆ ಹೋದದ್ದೇ ನನಗೆ ಕಂಡದ್ದು. ಇದಕ್ಕೆ ಏನು ಕೊಡಬೇಕು ಎಂದು ನನಗೆ ಇನ್ನೂ ತಿಳಿದಿಲ್ಲ.

ಕೊನೆಯ ದಿನಗಳಲ್ಲಿ ಅವರು ಊಟ ಬಿಟ್ಟಿದ್ದರು, ಮಾತೂ ಕಡಿಮೆಯಾಗಿತ್ತು. ತಿದ್ದುವುದು ಮಾತ್ರ ಬಿಟ್ಟಿರಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಕೂತು ಓದುತ್ತಿದ್ದೆ. ಭಾಲ್ಕಿ ರಸ್ತೆಯ ಸೇತುವೆ ದುರಸ್ತಿ ಇದೆ, ಬಸ್ಸುಗಳು ಬೇರೆ ದಾರಿಯಲ್ಲಿ ಹೋಗುತ್ತವೆ ಎಂಬ ಸುದ್ದಿ. ನಡುವೆ ಒಂದು ಒತ್ತಕ್ಷರ ಬಿಟ್ಟೆ. ಬಿಟ್ಟದ್ದು ನನಗೇ ತಿಳಿಯಿತು. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಕಾದೆ. ಅದೇ ಸಾಲನ್ನು ಬೇಕೆಂದೇ ಇನ್ನೊಮ್ಮೆ ತಪ್ಪು ಓದಿದೆ, ಜೋರಾಗಿ ಓದಿದೆ.

ಆಮೇಲೆ ಪೇಪರು ಕೆಳಗಿಟ್ಟು ಸಿಸ್ಟರಮ್ಮನವರನ್ನು ಕೂಗಿದೆ.